ಚಾರ್ಜರ್ ಬಾಯಿಗೆ ಹಚ್ಚಿದ ಅರಗು

ನನ್ನ ತಂಗಿಯ ಫೋನನ್ನು ಕೆಡಿಸಿದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುವ ಬುದ್ಧಿ ನನ್ನದು.

ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಅಪ್ಪನ ಕೈ ನಡುಗಲು ಶುರುವಾದ ವರ್ಷ ಸ್ಕೂಲು ಬಿಟ್ಟು ಅವರ ಲೇತಿನ ಮುಂದೆ ಕೂತೆ. ಚನ್ನಪಟ್ಟಣದ ಪಕ್ಕದ ನಮ್ಮೂರಿನಲ್ಲಿ ಮರದ ಬೊಂಬೆ ಮಾಡುವ ಮನೆಗಳು ಹತ್ತಾರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ.

ತಂಗಿ ನನಗಿಂತ ಏಳು ವರ್ಷ ಚಿಕ್ಕವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಆಗ ಬಿಡದಿಯ ಕಡೆ ತಿಂಗಳಿಗೊಂದು ಫ್ಯಾಕ್ಟರಿ ಏಳುತ್ತಿತ್ತು. ಬೆಳಗಾದರೆ ಕಂಪನಿ ಬಸ್ಸು ಬಂದು ನಮ್ಮೂರಿನ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಇವಳು ಹೋಗಲಿಲ್ಲ. ಹೆಂಗಸರಿಗೆ ಲೇತು ಕಲಿಸುವ ತರಬೇತಿ ಕೇಂದ್ರಕ್ಕೆ ಸೇರಿದಳು. "ಆ ಬಸ್ಸು ನಂಗೆ ಬ್ಯಾಡ, ನಾನು ನನ್ ಬೊಂಬೆ ಮಾಡ್ತೀನಿ" ಎಂದಳು. ಒಂದೇ ವರ್ಷದಲ್ಲಿ ಒಂದು ಕುರಿಮಂದೆ ಮಾಡಿದಳು. ಒಂಬತ್ತು ಕುರಿ, ಒಬ್ಬ ಕಾಯುವವನು. ಒಂದು ಕುರಿ ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಹದಿನೈದು ವರ್ಷ ಲೇತಿನ ಮುಂದೆ ಕೂತ ನನಗೆ ಅಂಥದ್ದೊಂದು ಹೊಳೆದಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದು "ಪರವಾಗಿಲ್ಲ" ಎಂದೆನಷ್ಟೆ.

ಬೆಂಗಳೂರಿನಿಂದ ಒಬ್ಬ ಮೇಡಂ ತರಬೇತಿ ಕೇಂದ್ರಕ್ಕೆ ಬಂದು ಹೋಗಿದ್ದರು. ಹೊರದೇಶಕ್ಕೆ ಬೊಂಬೆ ಕಳಿಸುವವರು. ಸೋಮವಾರ ಬೆಳಿಗ್ಗೆ ತಂಗಿಗೆ ಅವರ ಫೋನು ಬಂತು. ಸಂಜೆ ನಾಲ್ಕರೊಳಗೆ ಕುರಿಮಂದೆಯ ಫೋಟೋಗಳನ್ನು ಮೇಲ್ ಮಾಡಬೇಕು, ನಾಲ್ಕಕ್ಕೆ ಪರದೇಶದವರ ಜೊತೆ ಮೀಟಿಂಗು, ಅವರು ಒಪ್ಪಿದರೆ ವರ್ಷವಿಡೀ ಕೆಲಸ. ಬೊಂಬೆಗಳು ಆಗಲೇ ಕೇಂದ್ರದವರ ಪೆಟ್ಟಿಗೆಯಲ್ಲಿ ದೂರದ ಯಾವುದೋ ಪ್ರದರ್ಶನಕ್ಕೆ ಹೊರಟುಹೋಗಿದ್ದವು. ಉಳಿದದ್ದು ತಂಗಿಯ ಫೋನಿನಲ್ಲಿದ್ದ ಫೋಟೋ ಮಾತ್ರ. ಅದು ಸೋದರಮಾವನ ಮಗ ಬಳಸಿ ಕೊಟ್ಟ ಟಚ್ ಫೋನು. ಅದರಲ್ಲಿ ನೆಟ್ಟು ಹಿಡಿಯುತ್ತಿರಲಿಲ್ಲ, ಮೆಮೊರಿ ಕಾರ್ಡ್ ಹಾಕುವ ಜಾಗವೂ ಕೆಟ್ಟಿತ್ತು. ಕಂಪ್ಯೂಟರಿಗೆ ಚುಚ್ಚಿಯೇ ಫೋಟೋ ತೆಗೆಯಬೇಕು.

ಅವಳು "ಬಾರಣ್ಣ, ಜೊತೆಗೆ" ಎಂದಾಗ ಲೇತು ಬಿಟ್ಟು ಏಳಲು ನನಗೆ ಮನಸ್ಸಾಗಲಿಲ್ಲ.

ಯಾಕೆಂದರೆ, ಎರಡು ದಿನ ಮೊದಲು ಆ ಫೋನನ್ನು ನಾನು ತೆಗೆದುಕೊಂಡಿದ್ದೆ. ಚಾರ್ಜರಿನ ಪಿನ್ನು ಸಡಿಲವಾಗಿ ಅಲ್ಲಾಡುತ್ತಿತ್ತು. ನಮ್ಮ ಮನೆಗಳಲ್ಲಿ ಯಾವುದು ಸಡಿಲವಾದರೂ ಅರಗು ಹಚ್ಚುತ್ತೇವೆ. ಮಚ್ಚಿನ ಹಿಡಿ, ಕೊಡೆಯ ಹಿಡಿ, ಸೌಟಿನ ಕಾವು, ಎಲ್ಲಕ್ಕೂ ಅದೇ. ಹಳದಿ ಅರಗನ್ನು ದೀಪದಲ್ಲಿ ಕಾಯಿಸಿ, ಎಳೆಯಂತೆ ಎಳೆದು, ಫೋನಿನ ಬಾಯಿಯ ಅಂಚಿಗೆ ಒಂದು ಸುತ್ತು ಮುಟ್ಟಿಸಿದೆ. ಅದು ಒಳಕ್ಕೆ ಇಳಿಯಿತು. ಸೂಜಿಯಿಂದ ಕೆರೆದೆ. ಎರಡು ಪಕ್ಕದಲ್ಲಿ ಬಿಟ್ಟಿತು, ನಡುವಿನದು ಬಿಡಲಿಲ್ಲ. ಪಿನ್ನು ಚುಚ್ಚಿದರೆ ಚಾರ್ಜ್ ಆಗುತ್ತಿತ್ತು, ಅಲ್ಲಾಡುವುದೂ ನಿಂತಿತ್ತು. ಸುಮ್ಮನೆ ಇದ್ದ ಜಾಗದಲ್ಲೇ ಇಟ್ಟುಬಿಟ್ಟೆ.

ಚನ್ನಪಟ್ಟಣದ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ನಾವು ಹೋದಾಗ ಎರಡು ಗಂಟೆ. ಅಂಗಡಿಯವನು ನನ್ನ ವಯಸ್ಸಿನವನೇ, ಮಾತುಗಾರ. ಫೋನಿಗೆ ವೈರು ಸಿಕ್ಕಿಸಿದ. ಫೋನಿನ ಮೇಲೆ ಬ್ಯಾಟರಿಯ ಗುರುತು ಏರತೊಡಗಿತು. ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ. ನಡುವೆ ಉಳಿದ ಅರಗೇ ಅಡ್ಡ ಬಂದಿದೆ ಎಂದು ನನಗೆ ಆಗಲೇ ಹೊಳೆಯಿತು.

"ಚಾರ್ಜ್ ಏನೋ ಆಯ್ತೈತೆ ಕಣಮ್ಮ, ಫೋನು ಬಂದೈತೆ ಅಂತ ಮಾತ್ರ ಇದು ಒಪ್ತಿಲ್ಲ" ಎಂದ.

"ಒಸಿ ನೋಡಣ್ಣ, ನಾಲ್ಕು ಗಂಟೆ ಒಳಗೆ ಕಳಿಸ್ಬೇಕು."

"ಎರಡೇ ಗಂಟೆ ಕಣಮ್ಮ ಈಗ. ಗಾಬರಿ ಬೀಳ್ಬ್ಯಾಡ."

ವೈರು ಬದಲಾಯಿಸಿದ. ಕಂಪ್ಯೂಟರಿನ ಹಿಂಬದಿಯ ತೂತಿಗೆ ಚುಚ್ಚಿದ, ಮುಂದಿನದಕ್ಕೆ ಚುಚ್ಚಿದ. ಫೋನಿನ ಬ್ಯಾಟರಿ ತೆಗೆದು ಹಾಕಿದ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದ. ಅದು ಏಳುವುದಕ್ಕೆ ತೆಗೆದುಕೊಂಡ ಹೊತ್ತು ನನಗೆ ಕೂರಲಾಗಲಿಲ್ಲ. ಎದ್ದೆ, ಬಾಗಿಲಿಗೆ ಹೋದೆ, ಬಂದೆ, ಕೂತೆ. ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು.

"ನಿಮ್ಮಣ್ಣಂಗೇನು, ಹೆಂಡ್ತಿ ಹೆರಿಗೆಗೆ ಹೋಗವ್ಳಾ?" ಎಂದ ಅಂಗಡಿಯವನು. ತಂಗಿ ನಕ್ಕಳು. ಆಗ ಇನ್ನೂ ನಗುವಷ್ಟು ಧೈರ್ಯ ಅವಳಿಗಿತ್ತು.

ಎರಡನೆಯ ಕಂಪ್ಯೂಟರಿನಲ್ಲೂ ಬರಲಿಲ್ಲ. ಯಾವುದೋ ಸೀಡಿ ಹಾಕಿ ಏನೋ ತುಂಬಿಸಿದ, ಆಗಲೂ ಇಲ್ಲ. "ಮಾತು ಬುಟ್ಟಿರೋ ದಾಯಾದಿಗಳು ಕಣಮ್ಮ ಇವು. ಉಣ್ಣಕ್ಕಿಕ್ತದೆ, ಮಾತಾಡ್ಸಕ್ಕಿಲ್ಲ" ಎಂದ. ಬ್ಲೂಟೂತ್ ಅವನ ಎರಡು ಕಂಪ್ಯೂಟರಿನಲ್ಲೂ ಇರಲಿಲ್ಲ. ಅವನ ಫೋನು ಮಾತಾಡುವುದಕ್ಕೂ ಟಾರ್ಚಿಗೂ ಮಾತ್ರ ಆಗುವಂಥದ್ದು, ನನ್ನದೂ ಅದೇ ಜಾತಿ. ಆಮೇಲೆ ಅವನು ತಂಗಿಯನ್ನು ಕೇಳಿದ, "ನೀನೇನಾದ್ರೂ ಬೀಳ್ಸಿದ್ದಾ? ಸೆಟ್ಟಿಂಗ್‌ನಲ್ಲಿ ಏನಾದ್ರೂ ಒತ್ಬುಟ್ಟಿದ್ದೀಯಾ?"

ಅವಳು ಯೋಚಿಸಿದಳು. "ಮೊನ್ನೆ ಏನೋ ಬಂದಿತ್ತು ಸ್ಕ್ರೀನ್ ಮೇಲೆ, ಇಂಗ್ಲಿಷ್‌ನಲ್ಲಿ. ನಾನು ಓಕೆ ಒತ್ಬುಟ್ಟೆ."

"ಅದೇ ಇರ್ಬೇಕು ನೋಡು. ಗೊತ್ತಿಲ್ದೆ ಒತ್ತಿದ್ರೆ ಹಿಂಗೇ ಆಗೋದು."

ಅವಳ ಮುಖ ಸಣ್ಣದಾಯಿತು. ಪಕ್ಕದ ಕಂಪ್ಯೂಟರಿನಲ್ಲಿ ಅರ್ಜಿ ತುಂಬುತ್ತಿದ್ದ ಕಾಲೇಜಿನ ಹುಡುಗಿಯರಿಬ್ಬರು ತಿರುಗಿ ನೋಡಿದರು.

ಆಗ ನಾನು ಹೇಳಬೇಕಿತ್ತು. ಅರಗು ಬಿಡಿಸುವುದು ನನಗೆ ಗೊತ್ತಿಲ್ಲದ್ದೇನಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಮೂರು ಅಂಗಡಿ ಆಚೆ ಮೆಡಿಕಲ್ ಸ್ಟೋರಿತ್ತು. "ಟೀ ಕುಡ್ದು ಬತ್ತೀನಿ" ಎಂದು ಹೊರಗೆ ಬಂದೆ. ಮೆಡಿಕಲ್ ಸ್ಟೋರಿನ ಮುಂದೆ ನಿಂತೆ. ಅಂಗಡಿಯವರು "ಏನು ಬೇಕು?" ಎಂದು ಕೇಳಿದರು. ಸ್ಪಿರಿಟ್ಟು ಕೊಂಡರೆ ಅದು ಯಾಕೆಂದು ಹೇಳಬೇಕು. ಫೋನಿನ ಬಾಯಿಗೆ ಅರಗು ಹಚ್ಚಿದ ದಡ್ಡ ನಾನೇ ಎಂದು ಆ ಹುಡುಗಿಯರ ಮುಂದೆ, ಆ ಮಾತುಗಾರನ ಮುಂದೆ ಒಪ್ಪಿಕೊಳ್ಳಬೇಕು. ಐದನೇ ಕ್ಲಾಸಿನ ಬುದ್ಧಿ ಎಂದು ನಗುತ್ತಾರೆ. "ತಲೆನೋವಿನ ಮಾತ್ರೆ ಒಂದು ಕೊಡಿ" ಎಂದೆ. ಅದನ್ನು ಜೇಬಿಗೆ ಹಾಕಿಕೊಂಡೆ. ಟೀಯನ್ನೂ ಕುಡಿಯಲಿಲ್ಲ.

ನಾಚಿಕೆಯೊಂದೇ ಎಂದರೆ ಅರ್ಧ ಸುಳ್ಳು. ಆ ಹಿಂದಕ್ಕೆ ನೋಡುವ ಕುರಿ ಬೆಂಗಳೂರಿಗೆ ತಲುಪದಿದ್ದರೆ ಲೋಕವೇನೂ ಮುಳುಗುವುದಿಲ್ಲ ಎಂದು ಒಳಗೆ ಯಾವುದೋ ಮೂಲೆಯಲ್ಲಿ ಅನ್ನಿಸಿತ್ತು. ಎಷ್ಟು ಹೊತ್ತು ಅನ್ನಿಸಿತು, ಗೊತ್ತಿಲ್ಲ. ಅನ್ನಿಸಿದ್ದು ನಿಜ.

ನಾಲ್ಕು ಗಂಟೆಗೆ ಅವಳು ಮೇಡಮ್ಮಿಗೆ ಫೋನು ಮಾಡಿದಳು. "ಆಯ್ತು ಬಿಡಮ್ಮ, ಮುಂದೆ ನೋಡೋಣ" ಎಂದರಂತೆ. ಅವರು ತೋರಿಸಿದ್ದು ಬೇರೆ ಯಾರದೋ ಬೊಂಬೆಗಳನ್ನು. ಆ "ಮುಂದೆ" ಎಂಬುದು ಬರಲೇ ಇಲ್ಲ. ಬಸ್ಸಿನಲ್ಲಿ ಬರುವಾಗ ಅವಳು ಕೇಳಿದಳು, "ನಾನು ಏನ್ ಒತ್ಬುಟ್ಟೆ ಅಂತೀಯಣ್ಣ?" ನಾನು ಕಿಟಕಿಯ ಕಡೆ ತಿರುಗಿ, "ಹೋಗ್ಲಿ ಬುಡವ್ವ, ಮಷಿನ್ನು ಅಲ್ವಾ" ಎಂದೆ.

ಎರಡು ತಿಂಗಳಿಗೆ ಅವಳು ಕಂಪನಿ ಬಸ್ಸು ಹತ್ತಿದಳು. ಬಟ್ಟೆ ಹೊಲಿಯುವ ಫ್ಯಾಕ್ಟರಿ. ಫೋನಿನಲ್ಲಿ ಮಾತಿಗೆ ತೊಂದರೆಯಿರಲಿಲ್ಲ, ರಿಪೇರಿಗೆ ಅವಳು ಕೊಡಲಿಲ್ಲ. ನಾನು ಅರಗು ಬಿಡಿಸಲೂ ಇಲ್ಲ. ಬಿಡಿಸಿದರೆ ತಿಳಿಯುತ್ತದಲ್ಲ. ಬೆಳಿಗ್ಗೆ ಬಸ್ಸಿನ ಹಾರನ್ನು ಕೇಳಿದಾಗಲೆಲ್ಲ ಲೇತಿನಿಂದ ಕೈ ತೆಗೆಯುತ್ತಿದ್ದೆ. ಎರಡು ಬೊಂಬೆ ಸೀಳಿಹೋದವು. ಇವತ್ತು ಹೇಳುತ್ತೇನೆ ಎಂದುಕೊಳ್ಳುವುದು, ಅವಳು ದಣಿದು ಬಂದದ್ದನ್ನು ನೋಡಿ ನಾಳೆ ಎಂದುಕೊಳ್ಳುವುದು. ಹೀಗೆ ಒಂದೂವರೆ ವರ್ಷ ಕಳೆಯಿತು.

ಒಂದು ಸಂಜೆ ಅವಳು ಜಗಲಿಯಲ್ಲಿ ಕೂತು ಕೊರಳಿನ ಗುರುತಿನ ಚೀಟಿ ತೆಗೆಯುತ್ತ ಹೇಳಿದಳು.

"ಸೂಪರ್‌ವೈಜರ್ ಕರ್ದಿದ್ರು ಬೆಳಿಗ್ಗೆ. ಹೊಲಿಗೆ ಬುಟ್ಟು ಆಫೀಸಲ್ಲಿ ಕೂತ್ಕೊಳಮ್ಮ, ಪೀಸ್ ಲೆಕ್ಕ ಕಂಪ್ಯೂಟರ್‌ಗೆ ಹಾಕು, ನೀನು ಓದಿದ್ದೀಯಲ್ಲ ಅಂದ್ರು."

"ಒಳ್ಳೇದೇ ಅಲ್ವಾ."

"ಬ್ಯಾಡ ಅಂದ್ಬುಟ್ಟೆ. ನಂಗೂ ಕಂಪ್ಯೂಟರ್‌ಗೂ ಆಗಿಬರಕ್ಕಿಲ್ಲ ಕಣಣ್ಣ. ಅವತ್ತೇ ನೋಡಿದ್ವಲ್ಲ. ಅಲ್ಲೂ ಏನಾದ್ರೂ ಒತ್ತಿ ಎಲ್ಲಾ ಹಾಳ್ಮಾಡ್ಬುಟ್ರೆ?"

ನಾನು ಹೇಳಿದೆ. ನಿಂತುಕೊಂಡೇ, ಉಸಿರು ಬಿಡದೆ ಹೇಳಿದೆ. ಅರಗು, ದೀಪ, ಸೂಜಿ, ಟೀ ಎಂದು ಹೊರಗೆ ಹೋದದ್ದು, ಮಾತ್ರೆ ತಂದದ್ದು. ಕುರಿಯ ವಿಷಯವನ್ನೂ ಹೇಳಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ.

"ಸ್ಪಿರಿಟ್ ಹಾಕಿದ್ರೆ ಬಿಡ್ತಿತ್ತಾ?" ಎಂದಳು.

"ಬಿಡ್ತಿತ್ತು."

"ಎಷ್ಟೊತ್ತು ಬೇಕಿತ್ತು?"

"ಐದು ನಿಮಿಷ. ಹತ್ತು."

"ನೀನು ಟೀಗೆ ಹೋದಾಗ ಎಷ್ಟು ಗಂಟೆ?"

"ಮೂರೂ ಕಾಲು."

ಅವಳು ತಲೆಯಾಡಿಸಿದಳು. ಎದ್ದು ಫೋನು ಹಿಡಿದು ಹಿತ್ತಿಲಿಗೆ ಹೋದಳು. "ಸಾರ್, ಬೆಳಿಗ್ಗೆ ಬೇಡ ಅಂದಿದ್ನಲ್ಲ ಸಾರ್, ತಪ್ಪಾಯ್ತು, ನಾನು ಮಾಡ್ತೀನಿ ಸಾರ್" ಎಂದದ್ದು ಕೇಳಿಸಿತು. ಮಿಕ್ಕದ್ದು ಕೇಳಿಸಲಿಲ್ಲ. ನಾನು ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದೆ. ಒಪ್ಪಿದ್ದರೆ ಇಷ್ಟು ಹೊತ್ತು ಯಾಕೆ? ಒಪ್ಪದಿದ್ದರೆ ಇನ್ನೂ ಏನು ಮಾತು?

ಬಂದಳು. "ಮಧ್ಯಾಹ್ನವೇ ಇನ್ನೊಬ್ಬಳಿಗೆ ಕೊಟ್ಬುಟ್ರಂತೆ" ಎಂದಳು.

ಅವಳು ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಈ ಭಾನುವಾರದಿಂದ ಚನ್ನಪಟ್ಟಣಕ್ಕೆ ಹೋಗಿ ಕಂಪ್ಯೂಟರ್ ಕಲೀತೀನಿ. ನೀನು ಜೊತೆಗೆ ಬರ್ಬ್ಯಾಡ."

ಭಾನುವಾರ ಅವಳು ಒಬ್ಬಳೇ ಹೋದಳು.