ಹಾಕಿ ನೋಡಿದ ಎದೆಗವಚ

ನನ್ನ ಮೈದುನನ ಮೈಮೇಲೆ ಚಾಕುವಿನ ಹನ್ನೊಂದು ಗುರುತುಗಳಿವೆ. ಹನ್ನೊಂದನ್ನೂ ಅವನೇ ಕೇಳಿ ಮಾಡಿಸಿಕೊಂಡದ್ದು.

ಅವನು ಚರ್ಮದ ಕೆಲಸದವನು. ಕಸಾಯಿಖಾನೆಯಲ್ಲಿ ಮೂಳೆ ಬಿಡಿಸುವವರಿಗೆ ಏಪ್ರನ್ ಮಾಡಿಕೊಡುತ್ತಾನೆ. ಮೂಳೆ ಬಿಡಿಸುವ ಚಾಕುವನ್ನು ಮೈಕಡೆಗೇ ಎಳೆಯಬೇಕು. ಕೈ ಜಾರಿದರೆ ಅದು ಹೊಟ್ಟೆಗೋ ತೊಡೆಯ ಸಂದಿಗೋ ಹೋಗುತ್ತದೆ. ಅದಕ್ಕೇ ಎದೆಯಿಂದ ಮೊಣಕಾಲವರೆಗೆ ದಪ್ಪ ಚರ್ಮದ ಪಟ್ಟಿಗಳನ್ನು ಒಂದರ ಮೇಲೊಂದು ಕೂರಿಸಿ ರಿವೆಟ್ ಹೊಡೆಯುತ್ತಾನೆ. ಒಂದು ಏಪ್ರನ್ನಿಗೆ ನಲವತ್ತೆರಡು ಪಟ್ಟಿ, ನೂರ ಅರವತ್ತೆಂಟು ರಿವೆಟ್. ಗಿರಾಕಿ ಬಂದರೆ ಇವನು ಕೂಡಲೇ ಕೊಡುವುದಿಲ್ಲ. ತಾನೇ ಕಟ್ಟಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾನೆ.

“ನಿನ್ನ ಚಾಕು ತಗೋ. ಚುಚ್ಚು.”

“ಅಯ್ಯೋ ಬಿಡಣ್ಣ, ನಂಗೆ ನಿನ್ ಮೇಲೆ ನಂಬಿಕೆ ಇದೆ.”

“ನಂಬಿಕೆ ಇಟ್ಕೊಂಡು ಮನೆಗೆ ಹೋಗು. ಏಪ್ರನ್ ಬೇಕಾದ್ರೆ ಚುಚ್ಚು. ಕೆಳಗಿಂದ ಚುಚ್ಚು.”

ಅಂಗಡಿ ಮುಂದಿನ ಕೋಣೆಯಲ್ಲಿ, ಅಡುಗೆ ಹಿಂದಿನ ಕೋಣೆಯಲ್ಲಿ. ಆ ಹೊತ್ತಿಗೆ ನಾನು ಎದ್ದು ಹಿಂದಕ್ಕೆ ಹೋಗಿಬಿಡುತ್ತಿದ್ದೆ. ಚಾಕು ಚರ್ಮಕ್ಕೆ ಬಡಿಯುವ ಸದ್ದು ಅಲ್ಲಿಗೂ ಕೇಳಿಸುತ್ತಿತ್ತು. ಅದು ಕೇಳದಿರಲಿ ಎಂದು ನಲ್ಲಿ ಬಿಟ್ಟುಕೊಳ್ಳುತ್ತಿದ್ದೆ.

ಇಪ್ಪತ್ತೆರಡು ವರ್ಷದ ಹಿಂದೆ ಅವನು ಹೀಗೆ ಮಾಡುತ್ತಿರಲಿಲ್ಲ. ಆಗ ಅವನಿಗೆ ಇಪ್ಪತ್ತೊಂಬತ್ತು. ಸ್ವಂತ ಅಂಗಡಿ ಹಾಕಿ ಮಾಡಿದ ಮೊದಲ ಏಪ್ರನ್ನನ್ನು ಅವನ ಅಣ್ಣ, ಎಂದರೆ ನನ್ನ ಗಂಡ, ಮೇಜಿನಿಂದ ಹಾಗೇ ಎತ್ತಿಕೊಂಡರು. “ನನ್ ತಮ್ಮ ಮಾಡಿದ್ದು, ನೋಡೋದೇನಿದೆ” ಎಂದು ಕಸಾಯಿಖಾನೆಯ ಕೆಲಸಕ್ಕೆ ಹೋದರು. ಬೆಳಗ್ಗೆ ಹನ್ನೊಂದು ಗಂಟೆಗೆ ಅವರ ಕೈ ಜಾರಿತು. ಮೈದುನ ಪಟ್ಟಿಗಳನ್ನು ಹೆಂಚು ಹೊದಿಸಿದ ಹಾಗೆ ಹೊದಿಸಿದ್ದ, ಮೇಲಿನದು ಕೆಳಗಿನದರ ಮೇಲೆ ಬರುವಂತೆ. ಮಳೆ ಮೇಲಿನಿಂದ ಬೀಳುತ್ತದೆ. ಚಾಕು ಕೆಳಗಿನಿಂದ ಬಂತು. ಎರಡು ಪಟ್ಟಿಗಳ ನಡುವೆ ನುಗ್ಗಿ ತೊಡೆಯ ಸಂದಿಯಲ್ಲಿ ಹಿಡಿಯವರೆಗೂ ಇಳಿಯಿತು. ಜೊತೆಗಿದ್ದವರು ಬೂಟು ಬಿಚ್ಚಿದಾಗ ಒಳಗಿದ್ದ ರಕ್ತ ಚೊಂಬಿನಿಂದ ಸುರಿದ ಹಾಗೆ ಸುರಿಯಿತಂತೆ. ಆಸ್ಪತ್ರೆಯ ಬಾಗಿಲು ತಲುಪುವ ಮೊದಲೇ ಅವರು ಹೋಗಿದ್ದರು.

ಮೈದುನ ಮದುವೆಯಾಗಲಿಲ್ಲ. ನಾನು ಬೇರೆ ಕಡೆ ಹೋಗಲಿಲ್ಲ. ಒಂದೇ ಮನೆಯಲ್ಲಿ ಉಂಡೆವು, ದಾರಕ್ಕೆ ಮೇಣ ಹಚ್ಚಿಕೊಟ್ಟೆ, ಅವನ ಗಾಯಗಳಿಗೆ ಬಟ್ಟೆ ಕಟ್ಟಿದೆ. ಆ ಒಂದು ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಹನ್ನೊಂದನೆಯ ಗಾಯ ಹೊಟ್ಟೆಗೆ ಆದದ್ದಲ್ಲ. ಚುಚ್ಚಿದ ಗಿರಾಕಿಯ ಚಾಕು ಚರ್ಮದ ಮೇಲೆ ಜಾರಿ ಇವನ ಎಡ ಅಂಗೈಯನ್ನು ಸೀಳಿತು. ಕಿರುಬೆರಳು ಮತ್ತು ಅದರ ಪಕ್ಕದ್ದು ಮಡಚದಂತಾದವು. ಡಾಕ್ಟರು ಉಳಿದ ಬೆರಳುಗಳನ್ನಾದರೂ ದಿನಾ ಆಡಿಸುತ್ತಿರಬೇಕು ಎಂದರು. ಆಗ ಸೀಟಿನ ಹರಿದ ಚರ್ಮ ಹೊಲಿಸಲು ಬಂದಿದ್ದ ಶಾಲಾ ಬಸ್ಸಿನ ಡ್ರೈವರಮ್ಮ ಅವನ ಕೈ ನೋಡಿದಳು.

“ಕಂಪ್ಯೂಟರ್ ಗೇಮ್ ಆಡಿ. ನಮ್ ಗಿಲ್ಡಿಗೆ ಒಬ್ಬ ಕಮ್ಮಾರ ಬೇಕು. ಕೂತಲ್ಲೇ ಸುತ್ತಿಗೆ ಹೊಡೀಬಹುದು, ಬೆರಳೂ ಆಡುತ್ತೆ.”

“ಯುದ್ಧಗಿದ್ಧ ನಂಗಾಗಲ್ಲಮ್ಮ.”

“ಯುದ್ಧ ನಾವು ಮಾಡ್ತೀವಿ. ನೀವು ಕವಚ ಮಾಡ್ಕೊಡಿ.”

ಗಿಲ್ಡ್ ಎಂದರೆ ಆ ಆಟದೊಳಗೆ ಒಟ್ಟಿಗೆ ಇರುವವರ ಕೂಟ. ಇವರದರಲ್ಲಿ ಮೂವತ್ತೇಳು ಜನ. ಡ್ರೈವರಮ್ಮ ಅವರ ದಳವಾಯಿ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿಲ್ಲದಿದ್ದರೂ ಮೈಕಿನಲ್ಲಿ ಮಾತು, ಜಗಳ, ನಗು ಎಲ್ಲ ಇತ್ತು. ಎಲ್ಲರ ಮುಂದೆ ನಿಂತು ಏಟು ತಿನ್ನುವವನನ್ನು ಕೋಣ ಎಂದು ಕರೆಯುತ್ತಿದ್ದರು. ಅವನಿಗೆ ಹೊರಗೆ ಮಂಚ ಕುರ್ಚಿ ಮಾರುವ ಅಂಗಡಿಯಲ್ಲಿ ಕೆಲಸ. ಆಟದಲ್ಲಿ ಒಂದೇ ಏಟಿಗೆ ಎರಡು ತಲೆ ಹಾರಿಸುತ್ತಿದ್ದ.

ನಾನು ಮೇಣ ಹಚ್ಚುತ್ತ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ದಾರಿಯಲ್ಲಿ ಯಾವನೋ ಮುದುಕ ನಿಂತು, ತೋಳದ ಹತ್ತು ತಲೆ ತಂದುಕೊಡು ಎನ್ನುತ್ತಾನೆ. ಇವರು ಹೋಗಿ ಹತ್ತು ತೋಳಗಳ ಕುತ್ತಿಗೆ ಕಡಿದು ತರುತ್ತಾರೆ. ಇನ್ನೊಬ್ಬ ರಾಕ್ಷಸನ ಹಲ್ಲು ಕೇಳುತ್ತಾನೆ. ಸತ್ತವರು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬರುತ್ತಾರೆ. ಅದೊಂದು ನನಗೆ ಹಿಡಿಸಿತು.

ಮೈದುನ ಆಟದಲ್ಲೂ ತನ್ನ ಅಭ್ಯಾಸ ಬಿಡಲಿಲ್ಲ. ಶಿರಸ್ತ್ರಾಣ ಬಡಿದರೆ ತಾನೇ ಹಾಕಿಕೊಂಡು ಗಿಲ್ಡಿನವರು ಕಟ್ಟಿದ ಕೋಟೆಯ ಹೊರಗೆ ಹೋಗಿ ಕಾಡುಹಂದಿಯ ಎದುರು ನಿಲ್ಲುತ್ತಿದ್ದ. ಹಂದಿ ಕೋರೆಯಿಂದ ಎತ್ತಿ ಒಗೆಯುತ್ತಿತ್ತು. ಎದ್ದು ಬಂದು, ಬಿಚ್ಚಿ, ಒರೆಸಿ ಕೊಡುತ್ತಿದ್ದ.

“ಕಮ್ಮಾರಣ್ಣ, ಆ ಹಂದಿಗೂ ನಿಮಗೂ ಏನು ಸಂಬಂಧ? ಬೀಗ್ರಾ?” ಎಂದು ಕೋಣ ಕಾಲೆಳೆಯುತ್ತಿದ್ದ.

ಹೀಗೆ ಎರಡು ವರ್ಷ ಕಳೆಯಿತು. ಆಮೇಲೆ ಮೂಳೆದೊರೆ ಬರುವ ದಿನ ಗೊತ್ತಾಯಿತು. ಅವನು ಸತ್ತವರ ಮೂಳೆಗಳಿಂದ ಕಟ್ಟಿದ ದೈತ್ಯ. ಒಂದು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಬಂದು ಕೋಟೆಯ ಬಾಗಿಲು ಒಡೆಯುತ್ತಾನೆ. ಬಾಗಿಲು ಹೋದರೆ ಕೋಟೆ ಹೋಯಿತು. ಕುಲುಮೆ, ಉಗ್ರಾಣ, ಇವರು ಕಟ್ಟಿದ್ದೆಲ್ಲ ನೆಲಸಮ. ಅವನ ಸುತ್ತಿಗೆಯ ಒಂದೇ ಏಟಿಗೆ ಯಾರೇ ಆದರೂ ಸಾಯುತ್ತಾರೆ. ಅಗ್ನಿಸರ್ಪದ ಅರವತ್ತು ಹುರುಪೆಗಳಿಂದ ಮಾಡಿದ ಎದೆಗವಚ ತೊಟ್ಟವನು ಮಾತ್ರ ಒಂದು ಏಟು ತಿಂದು ಬದುಕಬಲ್ಲ. ಅಂಥವನು ಬಾಗಿಲಲ್ಲಿ ನಿಂತು ಅವನನ್ನು ತಡೆಯಬೇಕು, ಉಳಿದವರು ಹಿಂದಿನಿಂದ ಕಡಿಯಬೇಕು. ಈ ಯುದ್ಧದಲ್ಲಿ ಸತ್ತವರು ಅದು ಮುಗಿಯುವವರೆಗೆ ಮತ್ತೆ ಏಳುವಂತಿಲ್ಲ.

ಆ ಅರವತ್ತು ಹುರುಪೆಗಳಿಗಾಗಿ ಮೂವತ್ತಾರು ಜನ ಮೂರು ತಿಂಗಳು ಹಾವುಗಳ ಹೊಟ್ಟೆ ಸೀಳಿದರು. ಕೋಣನೊಬ್ಬನೇ ನೂರ ಹದಿನಾಲ್ಕು ಸಲ ಸುಟ್ಟು ಸತ್ತ. ಯುದ್ಧಕ್ಕೆ ಒಂದು ವಾರ ಇರುವಾಗ ಮೈದುನ ಕವಚ ಬಡಿದು ಮುಗಿಸಿದ. ಎಂದಿನಂತೆ ಹಾಕಿಕೊಂಡ. ಪರದೆಯ ಮೇಲೆ ಸಣ್ಣ ಅಕ್ಷರದ ಚೀಟಿಯೊಂದು ಬಂತು. ಎಂದಿನಂತೆ ಸರಿ ಎಂದು ಒತ್ತಿದ. ಹಂದಿ ಗುಮ್ಮಿತು, ಕವಚ ಕದಲಲಿಲ್ಲ. ನನ್ನ ಕಡೆ ನೋಡಿ ನಕ್ಕ.

ಬಿಚ್ಚಿ ಕೋಣನಿಗೆ ಕೊಡಲು ಹೋದರೆ ಆಟ ಕೊಡಲು ಬಿಡಲಿಲ್ಲ. ಅಷ್ಟು ಮೇಲ್ದರ್ಜೆಯ ಕವಚವನ್ನು ಮೊದಲು ಯಾರು ತೊಟ್ಟರೋ ಅದು ಅವರದೇ. ಚೀಟಿಯಲ್ಲಿ ಅದನ್ನೇ ಬರೆದಿತ್ತು.

ಹಾಕಿಕೊಂಡು ನೋಡಿದೆ, ಈಗ ಕೊಡಲು ಬರುತ್ತಿಲ್ಲ ಎಂದು ಮೈದುನ ಮೈಕಿನಲ್ಲಿ ಹೇಳಿದ. ಆಮೇಲೆ ಕೋಣನ ದನಿ ಬಂತು.

“ಹಾಕೊಂಡು ನೋಡಿದ್ರಾ? ಇದೇನು ಮದುವೆ ಕೋಟಾ ಹಾಕೊಂಡು ನೋಡೋಕೆ? ಮೂರು ತಿಂಗಳಿಂದ ಕಣ್ಣು ಮುಚ್ಚಿದ್ರೆ ಕರುಳೇ ಕಾಣ್ಸುತ್ತೆ ನಂಗೆ!”

“ಬೇಕಂತಲೇ ಮಾಡಿದ್ದು. ಆಚೆ ಹಾಕಿ ಇವ್ರನ್ನ,” ಎಂದ ಇನ್ನೊಬ್ಬ.

“ಏನಾದ್ರೂ ಹೇಳಿ ಕಮ್ಮಾರಣ್ಣ,” ಎಂದಳು ದಳವಾಯಿ. ಅವಳ ದನಿಯೂ ಗಟ್ಟಿಯಾಗಿತ್ತು. “ಯಾಕೆ ಹಾಕೊಂಡ್ರಿ? ಸುಮ್ನಿದ್ರೆ ನಾನೂ ನಿಮ್ಮನ್ನ ಉಳಿಸ್ಕೊಳ್ಳೋಕಾಗಲ್ಲ.”

ಮೈದುನ ಮೈಕನ್ನು ತನ್ನಿಂದ ಆಚೆ ತಳ್ಳಿದ. ಹೊರಗೆ ಅವನನ್ನು ಏಪ್ರನ್ ಅಳತೆಗಲ್ಲದೆ ಯಾರೂ ಮಾತಾಡಿಸುತ್ತಿರಲಿಲ್ಲ. ಈ ಮೂವತ್ತಾರು ಜನ ಬಿಟ್ಟರೆ ಅವನಿಗೆ ನಾನೊಬ್ಬಳೇ. ನಾನು ಮೇಣದ ಉಂಡೆ ಕೆಳಗಿಟ್ಟು ಮೈಕನ್ನು ನನ್ನ ಕಡೆ ತಿರುಗಿಸಿಕೊಂಡೆ.

“ನಾನು ಅವನ ಅತ್ತಿಗೆ. ಅವನು ಹಾಕಿ ನೋಡದೆ ಕೊಟ್ಟಿದ್ದು ಒಂದೇ ಒಂದು. ಅದನ್ನ ಹಾಕೊಂಡೋರು ನನ್ ಗಂಡ. ಚಾಕು ಕೆಳಗಿಂದ ಹೋಯ್ತು, ಸತ್ರು. ಆಮೇಲೆ ಇವನು ಹಾಕಿ ನೋಡದೆ ಯಾರಿಗೂ ಏನೂ ಕೊಟ್ಟಿಲ್ಲ. ನಿಮ್ ತಲೆ ಮೇಲಿರೋ ಒಂದೊಂದೂ ಇವನು ಮೊದ್ಲು ಏಟು ತಿಂದು ನೋಡಿದ್ದು. ಇಷ್ಟೇ. ಇನ್ನು ಆಚೆ ಹಾಕ್ತೀರೋ ಬಿಡ್ತೀರೋ.”

ಇಪ್ಪತ್ತೆರಡು ವರ್ಷ ಬಾಯಿಗೆ ಬಾರದ ಮಾತು ಮುಖ ಕಾಣದ ಜನರ ಮುಂದೆ ಬಂದುಬಿಟ್ಟಿತು. ಮೈದುನ ನನ್ನನ್ನು ನೋಡಲಿಲ್ಲ. ಅವನ ಕಿವಿ ಕೆಂಪಗಾಗಿತ್ತು.

ಕೋಣನೇ ಮೊದಲು ಮಾತಾಡಿದ. “ಹಾಗಾದ್ರೆ ಬಾಗಿಲಲ್ಲಿ ಕಮ್ಮಾರಣ್ಣನೇ ನಿಲ್ಬೇಕು. ಬೇರೆ ದಾರಿ ಇಲ್ಲ. ನಾಳೆ ಸಂಜೆಯಿಂದ ಬನ್ನಿ, ನಾನು ಹೊಡೀತೀನಿ, ನೀವು ತಿನ್ನಿ. ಹಂದಿಗಿಂತ ಚೆನ್ನಾಗೇ ಹೊಡೀತೀನಿ.”

ಹೊಡೆದ. ಆರು ಸಂಜೆ ಕೋಟೆಯ ಅಂಗಳದಲ್ಲಿ ಮೈದುನನನ್ನು ಎಂಬತ್ತಮೂರು ಸಲ ಕೊಂದ. ಕೊಡಲಿಯಿಂದ ಭುಜ ಸೀಳಿದ, ಗೋಡೆಗೆ ಒತ್ತಿ ಎದೆ ಜಜ್ಜಿದ. ಪ್ರತಿ ಸಲವೂ “ಗುರಾಣಿ, ಗುರಾಣಿ! ಎಲ್ಲಿ ಗುರಾಣಿ?” ಎಂದು ಕಿರುಚಿದ. ಗುರಾಣಿ ಎತ್ತುವ ಕೀಲಿ ಕೀಬೋರ್ಡಿನ ಎಡಮೂಲೆಯಲ್ಲಿತ್ತು, ಕಿರುಬೆರಳಿಗೆ. ಇವನ ಕಿರುಬೆರಳು ಮಡಚುವುದಿಲ್ಲ. ನಡೆಸುವ ಕೀಲಿಗಳ ಮೇಲಿದ್ದ ಬೇರೆ ಬೆರಳು ತಂದರೆ ಕಾಲಿಡುವುದು ತಪ್ಪುತ್ತಿತ್ತು. ಮೂರನೆಯ ಸಂಜೆ ನಾನು ಕುರ್ಚಿಯನ್ನು ಅವನ ಎಡಕ್ಕೆ ಎಳೆದುಕೊಂಡೆ.

“ಅದೊಂದು ಕೀಲಿ ನಂಗೆ ಬಿಡು.”

“ಅತ್ತಿಗೆ, ನಿಮಗೆ ಯಾಕೆ ಈ ರಗಳೆ...”

“ನೀನು ಕಾಲು ನೋಡ್ಕೋ.”

ಮೂಳೆದೊರೆಯ ಏಟು ಏಳು ಎಣಿಸುವಷ್ಟರಲ್ಲಿ ಒಮ್ಮೆ ಬೀಳುತ್ತದೆ ಎಂದು ದಳವಾಯಿ ತಿಳಿದುಕೊಂಡಿದ್ದಳು. ಎಣಿಕೆ ನನಗೆ ಹೊಸದಲ್ಲ. ರಿವೆಟ್ ಎಣಿಸಿಯೇ ತಲೆ ನರೆತಿತ್ತು. ಆರಕ್ಕೆ ಒತ್ತಬೇಕು, ಏಳಕ್ಕೆ ಏಟು, ಎಂಟಕ್ಕೆ ಬಿಡಬೇಕು.

ಭಾನುವಾರ ಅಂಗಡಿಯ ಕದ ಹಾಕಿದೆವು. ಸರಿಯಾಗಿ ನಾಲ್ಕಕ್ಕೆ ಮೂಳೆದೊರೆ ಬಂದ. ಕೋಟೆಯ ಗೋಡೆ ಅವನ ಸೊಂಟಕ್ಕೆ ಬರುತ್ತಿತ್ತು. ಮೊದಲ ಬೀಸಿಗೆ ಗೋಡೆಯ ಮೇಲಿದ್ದ ಐದು ಬಿಲ್ಲುಗಾರರು ಕಲ್ಲಿನ ಜೊತೆ ಪುಡಿಯಾದರು. ಎರಡನೆಯದು ಬಾಗಿಲಲ್ಲಿದ್ದ ನಮ್ಮ ಮೇಲೆ ಬಂತು. ಆರು, ಒತ್ತಿದೆ. ಗುರಾಣಿಯ ಮೇಲೆ ಸುತ್ತಿಗೆ ಬಿದ್ದು ಪರದೆಯೆಲ್ಲ ಅದುರಿತು. ಮೈದುನ ನಿಂತಿದ್ದ.

ಹಿಂದಿನಿಂದ ಉಳಿದವರು ದೊರೆಯ ಕಾಲು ಕಡಿಯುತ್ತಿದ್ದರು. ಅವನು ಒಬ್ಬಳನ್ನು ಹಿಡಿದು ಗೋಡೆಗೆ ಬಡಿದ, ಇಬ್ಬರನ್ನು ಕಾಲಡಿ ಅರೆದ. ಮೈಕಿನಲ್ಲಿ ಕೂಗೋ ಕೂಗು. ನಾನು ಕಿವಿ ಕೊಡಲಿಲ್ಲ, ಎಣಿಸಿದೆ. ಒಂದು ಸಲ ಬೆರಳು ಜಾರಿತು. ಏಟು ನೇರವಾಗಿ ಎದೆಗೆ ಬಿತ್ತು, ಪರದೆಯ ಮೇಲೆ ಮೈದುನನ ಜೀವ ತೋರಿಸುವ ಪಟ್ಟಿ ಅರ್ಧಕ್ಕಿಂತ ಕೆಳಗಿಳಿಯಿತು. ಕವಚ ಇಲ್ಲದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗಿಲ್ಡಿನಲ್ಲಿ ಮದ್ದು ಹಾಕುವ ಕೆಲಸದವರು ಅದನ್ನು ಮತ್ತೆ ತುಂಬಿದರು. ಇಪ್ಪತ್ತು ನಿಮಿಷವಾದಾಗ ಮೂವತ್ತೇಳು ಜನದಲ್ಲಿ ಒಂಬತ್ತು ಜನ ಉಳಿದಿದ್ದರು. ಮದ್ದು ಹಾಕುವವರೆಲ್ಲ ಸತ್ತಿದ್ದರು. ಕೋಣ ದೊರೆಯ ಮಂಡಿಯಲ್ಲಿ ಕೊಡಲಿ ಊರಿಯೇ ಸತ್ತ. ಸಾಯುವಾಗ, “ಹಿಂದೆ ಸರೀಬೇಡಿ ಕಮ್ಮಾರಣ್ಣ!” ಎಂದ.

ಮತ್ತೊಂದು ಏಟನ್ನು ತಡೆಯುವುದು ತಡವಾಗಿ ಮೈದುನನ ಜೀವ ಒಂದು ಗೆರೆಯಷ್ಟು ಉಳಿಯಿತು. ದೊರೆಗೂ ಅಷ್ಟೇ ಉಳಿದಿತ್ತು. ನಾನು ಎಣಿಸುತ್ತಿದ್ದೆ. ಮೂರು ಎನ್ನುವಾಗ ದೊರೆ ಸುತ್ತಿಗೆ ಎಸೆದ. ಪಕ್ಕೆಲುಬಿನೊಳಗಿಂದ ಒಂದು ಮೂಳೆಯ ಈಟಿ ಕಿತ್ತುಕೊಂಡ. ಅವನ ಬಲಭುಜ ಕೆಳಗಿಳಿಯಿತು. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಭುಜ ಇಳಿದರೆ ಏಟು ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಿತ್ತು. ಆ ಏಟನ್ನು ಇಪ್ಪತ್ತೆರಡು ವರ್ಷದಿಂದ ದಿನಾ ಮನಸ್ಸಿನಲ್ಲೇ ನೋಡಿದ್ದೆ.

“ಕೆಳಗಿಂದ!” ಎಂದು ಕೂಗಿ ಎಣಿಕೆ ಬಿಟ್ಟು ಒತ್ತಿದೆ.

ಮೈದುನ ಮಂಡಿಯೂರಿದ. ಈಟಿ ಗುರಾಣಿಯ ಅಂಚಿಗೆ ತಗುಲಿ, ಕವಚದ ಮೇಲೆ ಕಿಡಿ ಹಾರಿಸುತ್ತ ಜಾರಿ, ಬಾಗಿಲಿನ ಮರದಲ್ಲಿ ನಾಟಿಕೊಂಡಿತು. ಅದನ್ನು ಕೀಳಲು ದೊರೆ ಬಗ್ಗಿದ. ದಳವಾಯಿ ಅವನ ಕತ್ತಿನ ಮೇಲೆ ಹಾರಿ ಕತ್ತಿ ಇಳಿಸಿದಳು. ತಲೆ ಕಳಚಿ ನಮ್ಮ ಕಾಲ ಹತ್ತಿರ ಉರುಳಿತು, ಉಳಿದ ಮೂಳೆಗಳು ಗಾಡಿ ಕಟ್ಟಿಗೆ ಸುರಿದ ಹಾಗೆ ಬಿದ್ದವು.

ಮೈಕಿನಲ್ಲಿ ಸತ್ತವರೂ ಬದುಕಿದವರೂ ಒಟ್ಟಿಗೆ ಕಿರುಚುತ್ತಿದ್ದರು. “ಆ ಗುರಾಣಿ ಎತ್ತಿದ್ದು ಅತ್ತಿಗೇನಾ? ಅತ್ತಿಗೇನೂ ಗಿಲ್ಡಿಗೆ ಹಾಕ್ಕೊಳ್ಳಿ!” ಎಂದು ಕೋಣ ಅರಚುತ್ತಿದ್ದ. ಮೈದುನ ಮೈಕು ಮುಚ್ಚಿದ.

“ತಡೀತು ಅತ್ತಿಗೆ,” ಎಂದ. ಮತ್ತೆ, “ಅವತ್ತು ನಾನು...” ಎಂದು ನಿಲ್ಲಿಸಿದ.

“ಗೊತ್ತು. ಅವರೂ ನೋಡದೇ ಹಾಕೊಂಡ್ರು,” ಎಂದೆ. ಅವನು ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತ. ಕೀಲಿ ಒತ್ತಿ ಒತ್ತಿ ನನ್ನ ಬೆರಳು ಊದಿಕೊಂಡಿತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ.

ಸೋಮವಾರ ಬೆಳಗ್ಗೆ ಒಬ್ಬ ಹೊಸ ಗಿರಾಕಿ ಬಂದ. ಮೈದುನ ಏಪ್ರನ್ ಕಟ್ಟಿಕೊಂಡು ಗೋಡೆಗೆ ನಿಂತ. ಗಿರಾಕಿ ಚಾಕು ಹಿಡಿದು ಹಿಂದುಮುಂದು ನೋಡುತ್ತಿದ್ದ. ನಾನು ಹಿಂದಿನ ಕೋಣೆಗೆ ಹೋಗಲಿಲ್ಲ. ಅವನ ಕೈಯಿಂದ ಚಾಕು ತೆಗೆದುಕೊಂಡೆ.

“ಎಡಗೈ ಹಿಂದಕ್ಕೆ ಕಟ್ಕೋ,” ಎಂದೆ. ಮೈದುನ ಕಟ್ಟಿಕೊಂಡ.

ಕೆಳಗಿನಿಂದ ಚುಚ್ಚಿದೆ.

“ಇನ್ನೂ ಜೋರಾಗಿ ಅತ್ತಿಗೆ.”

ಮೈಯ ಶಕ್ತಿಯೆಲ್ಲ ಹಾಕಿ ಚುಚ್ಚಿದೆ. ಚಾಕುವಿನ ಮೊನೆ ಮುರಿದು ಎಲ್ಲಿಯೋ ಹಾರಿತು. ಬಗ್ಗಿ ಪಟ್ಟಿಗಳ ಸಂದನ್ನು ಒಂದೊಂದಾಗಿ ಬೆರಳಿಟ್ಟು ನೋಡಿದೆ. ಒಂದೂ ಬಿಟ್ಟುಕೊಂಡಿರಲಿಲ್ಲ.

ಗಿರಾಕಿ ಏಪ್ರನ್ ಕಟ್ಟಿಕೊಂಡು, ಕತ್ತಿನ ಪಟ್ಟಿ ಸ್ವಲ್ಪ ಉದ್ದವಾಯಿತು ಎಂದ. ಮತ್ತೆ ಮೊನೆ ಮುರಿದ ತನ್ನ ಚಾಕು ನೋಡಿಕೊಂಡು, “ಇದಕ್ಕೆ ಯಾರಮ್ಮ ಜವಾಬ್ದಾರಿ?” ಎಂದ.