ಕೇಳದೆ ಕೊಟ್ಟ ಕೊಸರು

ಕೆಟ್ಲೀನಳನ್ನು ನಾನು ಕೆಲಸಕ್ಕಿಟ್ಟುಕೊಂಡದ್ದೇ ಅವಳಿಗೆ ಸ್ಪ್ಯಾನಿಷ್ ಬರುವುದಿಲ್ಲ ಎಂಬ ಕಾರಣಕ್ಕೆ. ಚಿಲಿ ದೇಶದ ಟಾಲ್ಕಾ ಊರಿನ ಭಾನುವಾರದ ಸಂತೆಯಲ್ಲಿ ನಾನು ಆಲೂಗಡ್ಡೆ ಮಾರಲು ಕೂತು ಮೂವತ್ತು ವರ್ಷವಾಯಿತು. ಇಟ್ಟುಕೊಂಡ ಆಳುಗಳೆಲ್ಲ ಚೀಲ ಎತ್ತಿದ್ದಕ್ಕಿಂತ ದನಿ ಎತ್ತಿದ್ದೇ ಹೆಚ್ಚು. ಹೈಟಿಯಿಂದ ಬಂದ ಈ ಹೆಂಗಸೋ, ಚೀಲ ಹೆಗಲಿಗೇರಿಸಿದರೆ ಉಸಿರೂ ಕೇಳಿಸುತ್ತಿರಲಿಲ್ಲ. ಅವಳ ತಾಯಿಯೂ ಊರಲ್ಲಿ ಸಂತೆಯವಳೇ. ಕೈಗೆ ವ್ಯಾಪಾರ ಗೊತ್ತಿತ್ತು, ನಾಲಗೆಗೆ ಗೊತ್ತಿರಲಿಲ್ಲ. ನನಗೆ ಅದೇ ಅನುಕೂಲ.

ಅವಳ ಲೆಕ್ಕ ಬೇರೆಯಿತ್ತು. ಸೊಪ್ಪಿನ ಮುದುಕಿ ಸಂತೆ ಬಿಟ್ಟು ಮೂಲೆಯ ಜಾಗ ಖಾಲಿಯಾದ ದಿನವೇ ಕೆಟ್ಲೀನ್ ಸಂತೆ ಸಂಘದ ಅಧ್ಯಕ್ಷ ಕ್ಲೊದೊಮಿರೊನ ಮುಂದೆ ನಿಂತು, ಬೆರಳಿನಿಂದ ಆ ಮೂಲೆ ತೋರಿಸಿ, ಆಮೇಲೆ ತನ್ನ ಎದೆ ಮುಟ್ಟಿಕೊಂಡಳು. ಅವನು ನಕ್ಕ. ಒಂದು ಭಾನುವಾರ ಒಬ್ಬಳೇ ನನ್ನ ಅಂಗಡಿ ನಡೆಸಲಿ, ಗಿರಾಕಿಗಳಿಂದ ದೂರು ಬರದಿದ್ದರೆ ಜಾಗ ಅವಳದು ಎಂದ. ನಾನು ಬಾಯಿ ಹಾಕಕೂಡದು. ಎದುರಿಗೆ ಕುಂಬಳದ ರೊಟ್ಟಿ ಕರಿಯುವವಳ ಬೆಂಚಿನಲ್ಲಿ ಕೂತಿರಬೇಕು.

ನಮ್ಮ ಸಂತೆಯಲ್ಲಿ ತೂಕವಾದ ಮೇಲೆ ಗಿರಾಕಿ ಕೊಸರು ಕೇಳಬೇಕು, ನಾವು ಇಲ್ಲವೆನ್ನಬೇಕು, ಅವಳು ಮುನಿಸಿಕೊಂಡು ಹೊರಡಬೇಕು, ನಾವು ಕರೆದು ಎರಡು ಗಡ್ಡೆ ಹಾಕಬೇಕು. ಆ ಭಾನುವಾರ ಕೆಟ್ಲೀನ್ ಮಾತಿನ ಗೊಡವೆಯೇ ಬೇಡವೆಂದು, ಗಿರಾಕಿ ಕೇಳುವ ಮೊದಲೇ ನಾಲ್ಕು ಗಡ್ಡೆ ಹಾಕಿದಳು. ಆ ಗಿರಾಕಿ ಸಂತೆಯಲ್ಲೇ ಚೂಪು ನಾಲಗೆಯ ಉಬೆರ್ಲಿಂದಾ. ಚೀಲವನ್ನು ಅಲ್ಲೇ ಬೋರಲು ಸುರಿದಳು.

"ಕೇಳ್ದೇನೇ ಕೊಡ್ತಾಳೆ ಅಂದ್ರೆ ಅಡೀಲಿ ಕೊಳೆತಿರ್ಬೇಕು."

ಕೊಳೆತದ್ದು ಒಂದೂ ಇರಲಿಲ್ಲ. ಅಷ್ಟು ಹೇಳಲು ಕೆಟ್ಲೀನಳ ಬಳಿ ಮಾತಿರಲಿಲ್ಲ. ಸಾಲಿನಲ್ಲಿದ್ದವರು ಚದುರಿದರು, ದೂರು ಹೋಯಿತು.

ಮರುದಿನ ಬೆಳಿಗ್ಗೆ ಅವಳು ಸಂಘದ ಬಾಗಿಲಲ್ಲಿ ಕೂತಳು. ಅದರ ಮರುದಿನವೂ ಕೂತಳು. ಅವಳನ್ನು ದಾಟಿ ದಾಟಿ ಸಾಕಾದ ಕ್ಲೊದೊಮಿರೊ, ಮಾತು ಕಲಿತು ಇನ್ನೊಂದು ಭಾನುವಾರ ಅಂಗಡಿ ನಡೆಸಿ ತೋರಿಸಲಿ ಎಂದು ಎರಡು ತಿಂಗಳ ಗಡುವು ಕೊಟ್ಟ.

ಅಂದಿನಿಂದ ನನ್ನ ಸುಖ ಮುಗಿಯಿತು. ಎರಡನೆಯ ಸಾಲಿನಲ್ಲಿ ಬೆಣ್ಣೆಹಣ್ಣು ಮಾರುವ ಅವಳ ಚಿಕ್ಕಮ್ಮನ ಮಗಳಿಗೆ, ಹಗಲಲ್ಲಿ ತನ್ನೊಡನೆ ಹೈಟಿಯ ಭಾಷೆ ಆಡಕೂಡದೆಂದು ತಾಕೀತಾಯಿತು. ನಾನು ಕೈಸನ್ನೆ ಮಾಡಿದರೆ ಬೆನ್ನು ತಿರುಗಿಸುವಳು. ಬಾಯಿಬಿಟ್ಟು ಹೇಳುವವರೆಗೆ ಚೀಲ ಅಲ್ಲಾಡುತ್ತಿರಲಿಲ್ಲ. ಸಂತೆ ಮುಗಿದ ಮೇಲೆ ಉಬೆರ್ಲಿಂದಾಳ ಚೀಲವನ್ನು ಅವಳ ಮನೆಯವರೆಗೆ ಹೊತ್ತುಕೊಂಡು ಹೋಗಿ, ಅಡುಗೆಮನೆಯಲ್ಲಿ ಅವರೆಕಾಳು ಸುಲಿಯುತ್ತ ಕೂರತೊಡಗಿದಳು. ಸಂತೆಯಿಲ್ಲದ ದಿನವೂ ಹೋದಳು.

"ಬೈಸ್ಕೊಳ್ಳೋಕ್ಕೇ ಬರ್ತಾಳೆ ಕಣೋ ಎಲಾದಿಯೊ," ಎಂದು ಉಬೆರ್ಲಿಂದಾ ನನ್ನ ಹತ್ತಿರ ದೂರಿದಳು. "ಬೈದಿದ್ದನ್ನ ತಿರುಗಿ ನಂಗೇ ಒಪ್ಪಿಸಿ, ಸರಿಯಾಯ್ತಾ ಅಂತ ಬೇರೆ ಕೇಳ್ತಾಳೆ."

ಗಡುವಿನ ಭಾನುವಾರ ಬಂತು. ನಾನು ಮತ್ತೆ ಬೆಂಚಿನಲ್ಲಿ, ಕ್ಲೊದೊಮಿರೊ ನನ್ನ ಪಕ್ಕದಲ್ಲಿ. ಉಬೆರ್ಲಿಂದಾ ಮೂರು ಕಿಲೋ ತೂಗಿಸಿದಳು.

"ಕೊಸರೆಲ್ಲಿ, ಕಸೇರಾ?"

ಗಿರಾಕಿಯೂ ವ್ಯಾಪಾರಿಯೂ ಪರಸ್ಪರ ಕರೆಯುವುದು ಹಾಗೆಯೇ. ಕೆಟ್ಲೀನ್ ತಕ್ಕಡಿಯ ಮೇಲಿಂದ ಕೈ ತೆಗೆಯಲಿಲ್ಲ.

"ಇಲ್ಲ, ಕಸೇರಾ. ಹೋದ ವಾರದ ಕೊಸರೇ ನಿಮ್ಮ ಅಡುಗೆಮನೇಲಿ ಮೊಳಕೆ ಬಿಡ್ತಾ ಕೂತಿದೆ. ನಾನೇ ನೋಡಿದೀನಿ."

ಸಾಲು ಗೊಳ್ಳೆಂದಿತು. ಉಬೆರ್ಲಿಂದಾ ಚೀಲ ಅಲ್ಲೇ ಬಿಟ್ಟು ಹೊರಟಳು. ಈಗ ಕರೆಯಬೇಕು. ಕೆಟ್ಲೀನ್ ಕರೆಯಲಿಲ್ಲ, ಹಿಂದಿನವಳಿಗೆ ತೂಗತೊಡಗಿದಳು. ನಾನು ಎದ್ದುಬಿಟ್ಟೆ. ರೊಟ್ಟಿಯವಳು ನನ್ನ ಕೋಟು ಹಿಡಿದೆಳೆದು ಕೂರಿಸಿದಳು. ಉಬೆರ್ಲಿಂದಾ ಮೀನಿನ ಸಾಲಿನವರೆಗೆ ಹೋದಳು, ನಿಂತಳು, ತಿರುಗಿ ಬಂದಳು.

"ಕರೀಬೇಕು ಅಂತ ಗೊತ್ತಿಲ್ವೇನೇ ನಿಂಗೆ?"

"ಗೊತ್ತು. ನೀವು ವಾಪಸ್ ಬರ್ತೀರ ಅಂತಾನೂ ಗೊತ್ತಿತ್ತು," ಎಂದು ಕೆಟ್ಲೀನ್ ಎರಡು ಗಡ್ಡೆ ಆರಿಸಿ ಹಾಕಿದಳು. ಎರಡೇ.

ಕ್ಲೊದೊಮಿರೊ ಎದ್ದುಹೋಗಿ ದೂರೇನಾದರೂ ಇದೆಯೇ ಎಂದು ಕೇಳಿದ. ಉಬೆರ್ಲಿಂದಾ ಕೊಂಚ ಯೋಚಿಸಿ, "ಬಾಯಿ ಜಾಸ್ತಿ," ಎಂದಳು. ಅದನ್ನು ದೂರೆಂದು ಬರೆದರೆ ಸಂತೆಯೇ ಖಾಲಿಯಾದೀತು ಎಂದು ಅವನು ಮೂಲೆಯ ಜಾಗವನ್ನು ಕೆಟ್ಲೀನಳ ಹೆಸರಿಗೆ ಬರೆದ.

ಈಗ ಆ ಮೂಲೆಯಲ್ಲಿ ಬೆಳ್ಳುಳ್ಳಿ, ಕೊತ್ತಂಬರಿ. ಅವಳ ಕೂಗಿನ ಮುಂದೆ ನನ್ನದು ಯಾರಿಗೂ ಕೇಳಿಸುವುದಿಲ್ಲ. ನಾನು ಹೊಸ ಆಳು ಹುಡುಕುತ್ತಿದ್ದೇನೆ; ಸಿಗುವವರೆಗೆ ಚೀಲ ನಾನೇ ಹೊರಬೇಕು.