ವಾಡಿ ಜಂಕ್ಷನ್ನಿನಲ್ಲಿ ಇಳಿಸಿದ ಉಡಿ

ಆಗೆಲ್ಲ ಚಳಿಗಾಲ ಬಂತೆಂದರೆ ನಾಲವಾರದ ನಮ್ಮ ಓಣಿಯ ತುಂಬ ಬೇಯಿಸಿದ ತೊಗರಿಕಾಯಿಯ ವಾಸನೆ. ಶಾಲೆಯಿಂದ ಬರುವ ಹೊತ್ತಿಗೆ ಒಲೆಯ ಮೇಲೆ ಕಾಯಿ ಕುದಿಯುತ್ತಿರುತ್ತಿತ್ತು. ಉಪ್ಪುಪ್ಪಾದ ಬಿಸಿ ಕಾಯಿಯನ್ನು ಲಂಗದಲ್ಲಿ ಕಟ್ಟಿಕೊಂಡು ಕುಂಟಬಿಲ್ಲೆ ಆಡಲು ಓಡುತ್ತಿದ್ದೆವು. ನಿಮ್ಮೂರಲ್ಲೂ ಹೀಗೇ ಇದ್ದಿರಬೇಕು. ಅಂಥದೊಂದು ಚಳಿಗಾಲದಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ, ಶ್ರೀಲಂಕಾದ ಹುಡುಗಿಯೊಬ್ಬಳು ಬಂದು ಒಂದು ವಾರ ನಮ್ಮ ಮನೆಯಲ್ಲಿದ್ದಳು.

ಕರೆಸಿದವರು ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಶಿವಶರಣ ಸರ್. ಸನ್ನತಿಯ ಸ್ತೂಪ ನೋಡಲು ಬಂದಿದ್ದ ಶ್ರೀಲಂಕಾದ ಶಿಕ್ಷಕಿಯೊಬ್ಬರ ಪರಿಚಯ ಮಾಡಿಕೊಂಡು, ಕಂಡಕಂಡ ಕಚೇರಿಗೆ ಅಲೆದು, ಎರಡು ಶಾಲೆಗಳ ನಡುವೆ ಒಂದು ಏರ್ಪಾಡು ಮಾಡಿದ್ದರು. ಈ ವರ್ಷ ಅವರ ಮಕ್ಕಳು ಬಂದು ನಮ್ಮ ಮನೆಗಳಲ್ಲಿರಬೇಕು, ಬರುವ ವರ್ಷ ನಾವು ಹೋಗಿ ಅವರ ಮನೆಗಳಲ್ಲಿರಬೇಕು. ಬರುವವರು ಬೌದ್ಧರೆಂದು ಸರ್ ನಮ್ಮ ಓಣಿಯ ಮನೆಗಳನ್ನೇ ಆರಿಸಿದ್ದರು. ನಮ್ಮ ಗೋಡೆಯ ಮೇಲೆ ಅಪ್ಪ ತಂದು ಹಾಕಿದ ಬುದ್ಧನ ಫೋಟೋ ಇತ್ತು. ಪಕ್ಕದಲ್ಲಿದ್ದ ಯಲ್ಲಮ್ಮನನ್ನು ಅವ್ವ ತೆಗೆದಿರಲಿಲ್ಲ.

ಬಂದವಳ ಹೆಸರು ನದೀಶಾ. ನನ್ನಷ್ಟೇ ಎತ್ತರ, ಎರಡು ಜಡೆ. ಅವಳಿಗೆ ಬರುವ ಇಂಗ್ಲಿಷು, ನನಗೆ ಬರುವ ಇಂಗ್ಲಿಷು ಎರಡೂ ಸೇರಿದರೂ ಒಂದು ಪುಟ ತುಂಬುತ್ತಿರಲಿಲ್ಲ. ಅವ್ವನಿಗೆ ಅದರ ಗೊಡವೆಯೇ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವಳ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು.

"ಏ ತಂಗಿ, ಇನ್ನೊಂದು ರೊಟ್ಟಿ ತಗೋ. ಹಿಂಗ ಗುಬ್ಬಿ ತಿಂದಂಗ ತಿಂದ್ರ ನಿಮ್ಮವ್ವ ನನಗ ಬೈತಾಳ."

ನದೀಶಾ ತಲೆಯಾಡಿಸಿ, ಪುಂಡಿಪಲ್ಯದ ಹುಳಿಗೆ ಕಣ್ಣು ಮುಚ್ಚಿಕೊಂಡು, ರೊಟ್ಟಿ ತಿನ್ನುತ್ತಿದ್ದಳು. ಅವರದು ಅನ್ನದ ದೇಶ ಎಂದು ಸರ್ ಹೇಳಿದ ಮೇಲೆ ಅವ್ವ ಅಂಗಡಿಯಿಂದ ಸಣ್ಣಕ್ಕಿ ತರಿಸಿದಳು. ರೇಷನ್ ಅಕ್ಕಿ ಇಡಲು ಅವಳಿಗೆ ಮನಸ್ಸಾಗಲಿಲ್ಲ. ಸಣ್ಣಕ್ಕಿ ಅನ್ನ ಸಿಗುತ್ತದೆಂದು ನನಗೂ ಖುಷಿ.

ಒಂದು ಸಂಜೆ ಅವಳು ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಚಿತ್ರ ಬರೆದಳು. ಅಲೆ ಅಲೆಯಾಗಿ ಗೆರೆ, ಅದು ಸಮುದ್ರ. ಒಂದು ಮನೆ. ಮನೆಯ ಮುಂದೆ ಎರಡು ಜಡೆಯ ಹುಡುಗಿ, ಅವಳ ಕೈ ಹಿಡಿದು ಒಂದು ಜಡೆಯ ಹುಡುಗಿ. ಒಂದು ಜಡೆಯವಳನ್ನು ತೋರಿಸಿ, "ನೆಕ್ಸ್ಟ್ ಇಯರ್, ಯೂ," ಅಂದಳು. ನಾನು ಅಲ್ಲಿಯವರೆಗೆ ಕಂಡ ದೊಡ್ಡ ನೀರೆಂದರೆ ಭೀಮಾ ನದಿ. ಆವತ್ತಿನಿಂದ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಹೊರಡುವ ದಿನ ಅವ್ವ ನದೀಶಾಳ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಲು ಕೂತಳು. ಅಜ್ಜಿಗೆ, ಅಂದರೆ ನಮ್ಮ ಆಯಿಗೆ, ಅದು ಸರಿಬರಲಿಲ್ಲ.

"ಲಗ್ನ ಆಗದ ಹುಡುಗಿಗಿ ಯಾರರೇ ಉಡಿ ತುಂಬ್ತಾರೇನ?"

"ಮತ್ತ್ಯಾವಾಗ ತುಂಬಲಿ? ಆಕಿ ಲಗ್ನಕ್ಕ ನನಗ ಕರೀತಾರೇನು?" ಅಂದಳು ಅವ್ವ. "ಉಡಿ ತುಂಬಿ ಕಳಿಸಿದ್ರ ಮತ್ತ ಬರ್ತಾಳ. ನಮ್ಮ ಹುಡುಗಿ ಅಲ್ಲಿಗಿ ಹೋಗ್ತಾಳ."

ನದೀಶಾಳಿಗೆ ಸೆರಗಿರಲಿಲ್ಲ. ನನ್ನ ಶಾಲೆಯ ನೀಲಿ ವೇಲನ್ನು ಅವಳ ಸೊಂಟಕ್ಕೆ ಕಟ್ಟಿ, ಅದರೊಳಗೆ ಉಳಿದ ಸಣ್ಣಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ರವಿಕೆಗೆ ಒಂದು ಖಣ ಹಾಕಿದಳು. ಅನ್ನದ ದೇಶದವಳಿಗೆ ಅಕ್ಕಿ, ತೆಂಗಿನ ದೇಶದವಳಿಗೆ ಕೊಬ್ಬರಿ. ನಗಬೇಕೆಂದು ಆಗ ನಮಗೆ ತಿಳಿಯಲಿಲ್ಲ. ನದೀಶಾ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಪ್ಯಾಸೆಂಜರ್ ಹತ್ತಿದಳು. ಅವ್ವನೂ ನಾನೂ ವಾಡಿಯವರೆಗೆ ಹೋದೆವು. ವಿಮಾನ ಹತ್ತಲು ಮದರಾಸಿಗೆ ಹೋಗುವ ಗಾಡಿ ಅವರಿಗೆ ಅಲ್ಲಿ ಸಿಗಬೇಕಿತ್ತು.

ವಾಡಿ ಸ್ಟೇಷನ್ನಿನಲ್ಲಿ, ಮಕ್ಕಳ ಜೊತೆ ಬಂದಿದ್ದ ಅವರ ಶಿಕ್ಷಕಿ ಆ ಉಡಿಯನ್ನು ನೋಡಿ ಗಾಬರಿಯಾದರು. ಶಿವಶರಣ ಸರ್ ಕಡೆ ತಿರುಗಿ ಏನೋ ಹೇಳಿದರು. ಸರ್ ಅವ್ವನ ಹತ್ತಿರ ಬಂದು ನಿಂತರು.

"ಅಕ್ಕಾ, ವಿಮಾನದಾಗ ಕಾಳು, ಬೇರು ಒಯ್ಲಿಕ್ಕ ಬಿಡಂಗಿಲ್ರಿ. ಅಲ್ಲಿ ಇಳಿದ ಕೂಡ್ಲೇ ಹಿಡೀತಾರಂತ. ಮೇಡಂ ಹೆದರ್ಲಿಕತ್ತಾರ. ಬಟ್ಟಿ ಒಯ್ಯಲಿ, ಅಕ್ಕಿ ತೆಗೀಬೇಕಾಗ್ತದ."

"ತುಂಬಿದ ಉಡಿ ಇಳಿಸಬಾರ್ದು ಸರ್."

"ಗೊತ್ತದರಿ. ನಮ್ಮ ಮನ್ಯಾಗೂ ಅದೇ ಪದ್ಧತಿ."

ಅವ್ವ ಮತ್ತೆ ವಾದ ಮಾಡಲಿಲ್ಲ. ಸೆರಗು ಹರವಿ ನಿಂತಳು. ಮೇಡಂ ನದೀಶಾಳಿಗೆ ಅವರ ಭಾಷೆಯಲ್ಲಿ ಹೇಳಿದರು. ನದೀಶಾ ವೇಲಿನ ಗಂಟು ಬಿಚ್ಚಿದಳು, ಅಕ್ಕಿ ಅವ್ವನ ಸೆರಗಿಗೆ ಸುರಿಯಿತು. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಆದರೆ ಅವಳು ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ಹಾಗೇ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು. ಹಸಿ ಅಕ್ಕಿ ಕಟಕಟ ಸದ್ದು ಮಾಡಿತು. ನನ್ನ ಕೈಗೂ ಒಂದು ಚಿಟಿಕೆ ಹಾಕಿದಳು. ಇಬ್ಬರೂ ಅಗಿದೆವು. ಕೊಬ್ಬರಿಯನ್ನು ಕಚ್ಚಿ ತುಂಡು ಮಾಡಿ ಅದನ್ನೂ ತಿಂದಳು. ಮೇಡಂ ನೋಡಿದರು, ಬೇಡ ಅನ್ನಲಿಲ್ಲ.

"ತಿನ್ನು ನನ್ನವ್ವ, ತಿನ್ನು. ಹೊಟ್ಟ್ಯಾಗ ಹೋಗಿದ್ದು ಯಾರೂ ಇಳಿಸಂಗಿಲ್ಲ," ಅಂದಳು ಅವ್ವ.

ಗಾಡಿ ಬಂತು. ಎಲ್ಲರೂ ಹತ್ತಿದರು. ಕಿಟಕಿಯಲ್ಲಿ ನನ್ನ ನೀಲಿ ವೇಲು ಸ್ವಲ್ಪ ದೂರದವರೆಗೆ ಕಾಣಿಸಿತು.

ಉಳಿದ ಅಕ್ಕಿ ಸೆರಗಿನಲ್ಲೇ ಮನೆಗೆ ಬಂತು. ಅದನ್ನು ಒಳಗೆ ತರಬಾರದಿತ್ತು ಎಂದು ಆಯಿ ಗೊಣಗಿದಳು. "ಆಕಿ ಬರೂಮಟ ಇರಲಿ," ಎಂದು ಅವ್ವ ಅದನ್ನು ಒಂದು ಗಡಿಗೆಯಲ್ಲಿ ಹಾಕಿ ಬಾಯಿ ಕಟ್ಟಿಟ್ಟಳು. ಅಡುಗೆಗೆ ಅಕ್ಕಿ ಸಾಲದೆ ಬಂದ ದಿನವೂ ಅದನ್ನು ಮುಟ್ಟಲಿಲ್ಲ.

ಮರುವರ್ಷ ನಮ್ಮ ಸರದಿ. ಅಪ್ಪ ಹೊಸ ಬ್ಯಾಗು ತಂದಿದ್ದರು. ಶಾಲೆಯಲ್ಲಿ ಮೊದಲು ಮೇಲಿನಿಂದ ಮಂಜೂರಾಗಬೇಕು ಅಂದರು. ಆಮೇಲೆ ಅಲ್ಲಿ ಪರಿಸ್ಥಿತಿ ನೆಟ್ಟಗಿಲ್ಲ ಅಂದರು. ಅಷ್ಟರಲ್ಲಿ ಶಿವಶರಣ ಸರ್‌ಗೆ ಚಿಂಚೋಳಿಗೆ ವರ್ಗವಾಯಿತು, ಆಮೇಲೆ ಏನಾದರೂ ಹೇಳುವುದಕ್ಕೂ ಯಾರೂ ಇರಲಿಲ್ಲ. ನಾನು ಅಳಲಿಲ್ಲ. ಆ ಬ್ಯಾಗಿನಲ್ಲಿ ಪುಸ್ತಕ ಹಾಕಿಕೊಂಡು ಒಂಬತ್ತನೆಯ ತರಗತಿಗೆ ಹೋದೆ. ಗಡಿಗೆಯ ಅಕ್ಕಿಗೆ ಹುಳ ಬಿತ್ತು. ಒಂದು ಬೆಳಿಗ್ಗೆ ಅವ್ವ ಅದನ್ನು ಮಾಳಿಗೆಯ ಮೇಲೆ ಗುಬ್ಬಿಗಳಿಗೆ ಚೆಲ್ಲಿ ಬಂದಳು.

ಈಗ ನಾನು ಶಹಾಬಾದಿನಲ್ಲಿ ಶಿಕ್ಷಕಿ. ನನ್ನ ತರಗತಿಯ ಮಕ್ಕಳು ಫೋನಿನಲ್ಲಿ ಯಾವ ದೇಶದವರನ್ನು ಬೇಕಾದರೂ ನೋಡುತ್ತಾರೆ. ಆದರೆ ಪಕ್ಕದ ದೇಶದ ಹುಡುಗಿಯೊಬ್ಬಳು ಬಂದು ತಮ್ಮ ಕಂಬಳಿಯಲ್ಲೇ ಮಲಗಿದ್ದಳು ಎಂದು ಹೇಳುವವರು ಅವರಲ್ಲಿ ಒಬ್ಬರೂ ಇಲ್ಲ. ಅಂಥ ಏರ್ಪಾಡೊಂದನ್ನು ಮಾಡಲು ಸರ್ ಹಾಗೆ ಅಲೆಯುವ ಶಕ್ತಿ ನನ್ನಲ್ಲಿಲ್ಲ. ಅಲೆಯಬೇಕು ಅಂತಲೂ ಅನಿಸುವುದಿಲ್ಲ. ನದೀಶಾಳ ಮುಖ ಮರೆತುಹೋಗಿದೆ. ಸಮುದ್ರ ಇನ್ನೂ ನೋಡಿಲ್ಲ.

ಕೆಲವು ವರ್ಷದ ಹಿಂದೆ, ಅವ್ವ ನನ್ನ ಮನೆಗೆ ಬಂದಿದ್ದಾಗ, ಉಣ್ಣುವ ಹೊತ್ತಿಗೆ ಟಿವಿಯಲ್ಲಿ ಆ ದೇಶ ಕಾಣಿಸಿತು. ಗ್ಯಾಸಿಗೆ ಸಾಲು, ಹಾಲಿನ ಪುಡಿಗೆ ಸಾಲು, ಖಾಲಿ ಸಿಲಿಂಡರಿನ ಪಕ್ಕ ಕೂತ ಹೆಂಗಸರು. ಅವ್ವನ ಕೈ ತಟ್ಟೆಯಲ್ಲೇ ನಿಂತಿತು.

"ಇದು ಆ ಹುಡುಗಿ ದೇಶ ಅಲ್ಲೇನು?"

"ಹೌದು."

"ಉಂಡಾಳೋ ಇಲ್ಲೋ."

ನಾನು ಚಾನೆಲ್ ಬದಲಿಸಿದೆ. ಅವ್ವ ಇನ್ನೂ ಟಿವಿಯ ಕಡೆಗೇ ನೋಡುತ್ತಿದ್ದಳು.

"ಆವತ್ತು ನಾ ಆ ಅಕ್ಕಿ ತಿರುಗಿ ಇಸ್ಕೋಬಾರ್ದಿತ್ತು," ಅಂದಳು.

ನನಗೆ ಏನೂ ಅನಿಸಲಿಲ್ಲ. ತಟ್ಟೆಯಲ್ಲಿದ್ದ ಅನ್ನ ಪೂರ್ತಿ ಉಂಡು, ಕೈ ತೊಳೆದುಕೊಂಡೆ.